ಗುರಿ ಕಲಿಯಲು ಯಾವ ರೈಫಲ್? ಎನ್‌ಸಿಸಿಯ .22, ಕ್ಲಬ್ಬಿನ ಏರ್ ರೈಫಲ್, ಮನೆಯ ಏರ್‌ಗನ್

ರೈಫಲ್ ಶೂಟಿಂಗ್ ಕಲಿಯಲು ಹೊರಟವರಿಗೆ ನಮ್ಮ ಕಡೆ ಸಾಮಾನ್ಯವಾಗಿ ಸಿಗುವುದು ಮೂರು. ಎನ್‌ಸಿಸಿಯ .22 (ನಳಿಕೆಯ ಒಳ ಅಳತೆ 0.22 ಇಂಚು) ಬೋಲ್ಟ್ ರೈಫಲ್, ಶೂಟಿಂಗ್ ಕ್ಲಬ್ಬಿನ 10 ಮೀಟರ್ ಮ್ಯಾಚ್ (ಸ್ಪರ್ಧೆಯ) ಏರ್ ರೈಫಲ್, ಮತ್ತೆ ನಳಿಕೆ ಮಡಚಿ ಸ್ಪ್ರಿಂಗ್ ಎಳೆಯುವ ಮನೆಯ ಏರ್‌ಗನ್. ಮೂರರಲ್ಲೂ ನಾನು ಸಾಕಷ್ಟು ಹೊಡೆದಿದ್ದೇನೆ. ಒಂದೊಂದೂ ಕಲಿಸುವ ಪಾಠ ಬೇರೆ.

ಮೊದಲು .22. ಎನ್‌ಸಿಸಿಯಲ್ಲಿ ಇದನ್ನು 25 ಗಜದಿಂದ, ಅಂದರೆ ಸುಮಾರು 23 ಮೀಟರ್‌ನಿಂದ, ಮಲಗಿ ಹೊಡೆಸುತ್ತಾರೆ. ಮಲಗುವುದರಲ್ಲೇ ಇದರ ದೊಡ್ಡ ಲಾಭ ಇದೆ. ಎರಡೂ ಮೊಣಕೈ ನೆಲಕ್ಕೆ ಊರಿರುತ್ತವೆ. ರೈಫಲ್ಲಿನ ಭಾರ ಸ್ನಾಯುವಿನ ಮೇಲಲ್ಲ, ಮೂಳೆಯ ಮೇಲೆ ಕೂರುತ್ತದೆ. ಅಲುಗಾಟ ಕಡಿಮೆಯಾದಾಗ ನಮ್ಮ ತಪ್ಪುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಗುಂಡುಗಳು ಮೇಲಿಂದ ಕೆಳಕ್ಕೆ ಸಾಲಾಗಿ ಬಿದ್ದರೆ ಮೊದಲು ಉಸಿರಾಟ ನೋಡಿಕೊಳ್ಳಬೇಕು. ಒಂದೇ ಒಂದು ಪಕ್ಕಕ್ಕೆ ಹಾರಿದರೆ ಹೆಚ್ಚಾಗಿ ಟ್ರಿಗರ್ ಒತ್ತುವ ಬದಲು ಜಗ್ಗಿರುತ್ತೇವೆ.

ಗ್ರೂಪಿಂಗ್ ಅಂದರೇನು ಅಂತ ಚೆನ್ನಾಗಿ ತಿಳಿಯುವುದೂ ಇಲ್ಲೇ. ಐದು ಗುಂಡು ಗುರಿಯಿಂದ ದೂರ ಬಿದ್ದರೂ ಪರವಾಗಿಲ್ಲ, ಐದೂ ಒಂದೇ ಕಡೆ ಬೀಳಬೇಕು. ಒಂದೇ ಕಡೆ ಬಿದ್ದರೆ ಸೈಟ್ (ಗುರಿ ನೋಡುವ ಸಾಧನ) ತಿದ್ದಿ ಗ್ರೂಪನ್ನು ನಡುವಿಗೆ ತರಬಹುದು. ಚದುರಿದರೆ ಸೈಟ್ ಮುಟ್ಟುವುದರಿಂದ ಏನೂ ಆಗದು. ಹೊಸಬರಲ್ಲಿ ಬಹಳ ಜನ ಎರಡನೇ ಗುಂಡಿಗೇ ಸೈಟ್ ತಿರುಗಿಸಲು ಕೈ ಹಾಕುತ್ತಾರೆ. ದಯವಿಟ್ಟು ಬೇಡ.

ಇನ್ನೊಂದು ವಿಷಯ ಶಿಸ್ತು. "ಖಾಲಿ ಕರ್" (ಖಾಲಿ ಮಾಡು) ಅಂದಾಗ ಬೋಲ್ಟ್ ತೆಗೆದು, ಗುಂಡು ಕೂರುವ ಚೇಂಬರ್ ಖಾಲಿ ಇದೆ ಅಂತ ತೋರಿಸಿ, ನಳಿಕೆ ಗುರಿಯ ಕಡೆಗೇ ಇಟ್ಟುಕೊಳ್ಳುವ ಅಭ್ಯಾಸ ಆಗ ಕೈಗೆ ಹತ್ತಿದರೆ ಜೀವನಪೂರ್ತಿ ಇರುತ್ತದೆ.

ಕೊರತೆಗಳೂ ಇವೆ. ಗುಂಡು ಎಣಿಸಿ ಕೊಡುತ್ತಾರೆ, ಹೊಡೆದ ಮೇಲೆ ಉಳಿಯುವ ಖಾಲಿ ಕೇಸ್ (ಗುಂಡಿನ ಲೋಹದ ಕವಚ) ಎಣಿಸಿ ವಾಪಸ್ ಪಡೆಯುತ್ತಾರೆ. ಹಳೆಯ ತರಬೇತಿ ರೈಫಲ್‌ಗಳ ಟ್ರಿಗರ್ ಗಟ್ಟಿ. ಭುಜಕ್ಕೆ ಪೆಟ್ಟು ಬೀಳದಿದ್ದರೂ ಸದ್ದಿಗೇ ಕೆಲವರು ಕಣ್ಣು ಮುಚ್ಚುತ್ತಾರೆ. ಎನ್‌ಸಿಸಿ ಬಿಟ್ಟರೆ .22 ರೈಫಲ್ ಸ್ವಂತಕ್ಕೆ ಬೇಕು ಅಂದರೆ ಲೈಸನ್ಸ್ ಬೇಕೇ ಬೇಕು.

ಈಗ ಮ್ಯಾಚ್ ಏರ್ ರೈಫಲ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರ ಲಂಡನ್‌ನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದು ಇದರಲ್ಲೇ. ನಿಂತು ಹೊಡೆಯಬೇಕು. ಹತ್ತು ಅಂಕದ ಚುಕ್ಕಿ ಬರೀ 0.5 ಮಿ.ಮೀ.; ಏರ್ ರೈಫಲ್ಲಿನ ಪುಟ್ಟ ಗುಂಡಾದ ಪೆಲೆಟ್ಟೇ 4.5 ಮಿ.ಮೀ. ಇದೆ! ಎಡ ಮೊಣಕೈಯನ್ನು ಸೊಂಟದ ಮೂಳೆಗೆ ಆನಿಸಿ ನಿಂತರೂ ರೈಫಲ್ ಅಲುಗುತ್ತಲೇ ಇರುತ್ತದೆ. ಆ ಅಲುಗಾಟವನ್ನು ಒಪ್ಪಿಕೊಂಡು ಮೆತ್ತಗೆ ಟ್ರಿಗರ್ ಒತ್ತುವುದೇ ಇಲ್ಲಿಯ ಪಾಠ.

ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ. .22 ಗುಂಡಿನ ವೇಗ ಸೆಕೆಂಡಿಗೆ 300 ಮೀಟರ್ ದಾಟುತ್ತದೆ. ಪೆಲೆಟ್ ನಳಿಕೆಯೊಳಗೆ ಜಾಸ್ತಿ ಹೊತ್ತು ಇರುವುದರಿಂದ, ಟ್ರಿಗರ್ ಒತ್ತಿದ ತಕ್ಷಣ ತಲೆ ಎತ್ತಿದರೆ ಆ ತಪ್ಪು ಗುರಿಹಲಗೆಯ ಮೇಲೆ ಕಾಣುತ್ತದೆ. ಹೊಡೆದ ಮೇಲೂ ಒಂದೆರಡು ಸೆಕೆಂಡ್ ಹಾಗೇ ನಿಲ್ಲುವ ಫಾಲೋ-ಥ್ರೂ ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸಲಿಲ್ಲ.

ಆದರೆ ನನ್ನ ಮಟ್ಟಿಗೆ ಈ ರೈಫಲ್ ಗೆಲ್ಲುವುದು ಡ್ರೈ ಫೈರ್‌ನಲ್ಲಿ. ಪೆಲೆಟ್ ಇಲ್ಲದೆ ಬರೀ ಟ್ರಿಗರ್ ಅಭ್ಯಾಸ ಮಾಡಲು ಮ್ಯಾಚ್ ರೈಫಲ್‌ಗಳಲ್ಲಿ ಬೇರೆ ವ್ಯವಸ್ಥೆಯೇ ಇರುತ್ತದೆ. ಸದ್ದಿಲ್ಲ, ಖರ್ಚಿಲ್ಲ. ಬಿಳಿ ಗೋಡೆಯ ಮುಂದೆ ನಿಂತು ಒತ್ತಿ. ಮುಂದಿನ ಸೈಟ್ ಅಲುಗಿದ್ದು ಅಲ್ಲೇ ಕಾಣುತ್ತದೆ. .22ನಲ್ಲಿ ಹೀಗೆ ಸುಮ್ನೆ ಟ್ರಿಗರ್ ಒತ್ತುತ್ತಾ ಇರುವಂತಿಲ್ಲ. ಕೇಸ್ ಇಲ್ಲದಿದ್ದರೆ ಕೆಲವು ರೈಫಲ್‌ಗಳ ಫೈರಿಂಗ್ ಪಿನ್ ಚೇಂಬರಿನ ಅಂಚಿಗೇ ಬಡಿದು ಹಾಳಾಗುತ್ತದೆ. ಸ್ಪ್ರಿಂಗ್ ಏರ್‌ಗನ್‌ನಲ್ಲಂತೂ ಮಾಡಲೇಬಾರದು. ಪೆಲೆಟ್ ಇಲ್ಲದಿದ್ದರೆ ಪಿಸ್ಟನ್‌ಗೆ ಗಾಳಿಯ ತಡೆ ಸಿಗದೆ ನೇರ ಹೋಗಿ ಗುದ್ದುತ್ತದೆ. ಕಲಿಕೆಯ ಮುಕ್ಕಾಲು ಪಾಲು ಟ್ರಿಗರ್ ಬೆರಳಲ್ಲೇ ಇರುವಾಗ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಮನೆಯ ಏರ್‌ಗನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 4.5 ಮಿ.ಮೀ. ನಳಿಕೆಯ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಲೈಸನ್ಸ್ ಬೇಡ. ಹಾಗಾಗಿ ಇದೇ ಮೊದಲು ಮನೆಗೆ ಬರುತ್ತದೆ. ಆದರೆ ಹೊಸಬರಿಗೆ ಕಷ್ಟವಾದದ್ದೂ ಇದೇ. ಪೆಲೆಟ್ ಹೊರಗೆ ಹೋಗುವ ಮೊದಲೇ ಒಳಗಿನ ಪಿಸ್ಟನ್ ಗನ್ನನ್ನು ಹಿಂದೆ ಮುಂದೆ ಒದರುತ್ತದೆ. ಗಟ್ಟಿ ಹಿಡಿದರೆ ಒಂದು ಕಡೆ, ಸಡಿಲ ಹಿಡಿದರೆ ಇನ್ನೊಂದು ಕಡೆ ಹೊಡೆತ ಬೀಳುತ್ತದೆ. ತಪ್ಪು ಹಿಡಿತದ್ದೋ ಬೆರಳಿನದೋ ಅಂತ ಹೊಸಬರಿಗೆ ಗೊತ್ತಾಗುವುದೇ ಇಲ್ಲ. ಒಂದೆರಡು ವರ್ಷ ಬೇರೆ ರೈಫಲ್‌ನಲ್ಲಿ ಪಳಗಿದವರಿಗೆ ಮಾತ್ರ ಇದು ಒಳ್ಳೆಯ ಪರೀಕ್ಷೆ.

ಕೊಡಗಿನವರು ಕೈಲ್‌ಪೋಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ತಯಾರಾಗುವುದಾದರೆ ನನ್ನ ಸಲಹೆ .22. ಉಳಿದವರು ಕ್ಲಬ್ಬಿಗೆ ಸೇರಿ ಮ್ಯಾಚ್ ಏರ್ ರೈಫಲ್‌ನಿಂದಲೇ ಶುರು ಮಾಡಿ. ನಿಲುವು ಕೂತ ಮೇಲೆ .22 ಹಿಡಿದು ಮಲಗಿ ಹೊಡೆಯಿರಿ. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದ 50 ಮೀಟರ್ ಮೂರು ಭಂಗಿಯ ಸ್ಪರ್ಧೆಗೆ ದಾರಿ ಅಲ್ಲಿಂದ ತೆರೆಯುತ್ತದೆ. ಕಾಲೇಜಿನಲ್ಲಿ ಎನ್‌ಸಿಸಿ ಇರುವ ಮಕ್ಕಳು ಮಾತ್ರ ಈ ಕ್ರಮಕ್ಕೆ ಕಾಯಬೇಡಿ. ಫೈರಿಂಗ್ ದಿನ ಯಾವತ್ತು ಅಂತ ಕೇಳಿ, ಹೆಸರು ಕೊಡಿ. ಮೂರೂ ಕಡೆ ಪೆಲೆಟ್ಟು, ಗುಂಡು ಸೀಸದ್ದೇ. ಊಟಕ್ಕೆ ಮುಂಚೆ ಕೈ ಸೋಪು ಹಾಕಿ ತೊಳೆಯಿರಿ.