ಎರಡು ಮಳೆಗಾಲ ಕಂಡ ಅಪ್‌ಲೋಡ್ ಎಪಿಐ

ತೀರ್ಥಹಳ್ಳಿಯಲ್ಲಿ ಕೂತು ಫೋಟೋ ಸ್ಟುಡಿಯೋಗಳಿಗೆ ಒಂದು ಪುಟ್ಟ ಸಾಫ್ಟ್‌ವೇರ್ ನಡೆಸುತ್ತೇನೆ. ಹೊಸನಗರ, ಕೊಪ್ಪದವರು ಮದುವೆ ಆಲ್ಬಂ ಫೈಲು ಹಾಕುತ್ತಾರೆ, ಶಿವಮೊಗ್ಗದ ಪ್ರಿಂಟಿಂಗ್ ಲ್ಯಾಬಿನವರು ಇಳಿಸಿಕೊಳ್ಳುತ್ತಾರೆ. ಫೈಲು ಇರುವುದು ಎಸ್3 (ಅಮೆಜಾನಿನ ಫೈಲ್ ಸಂಗ್ರಹ ಸೇವೆ) ಮಾದರಿಯ ಎಪಿಐ (ನನ್ನ ಸಾಫ್ಟ್‌ವೇರ್ ಅವರ ಸರ್ವರ್ ಜೊತೆ ಮಾತಾಡುವ ದಾರಿ) ಕೊಡುವ ಒಂದು ಸ್ಟೋರೇಜ್ ಸೇವೆಯಲ್ಲಿ. ಹೆಸರು ಬೇಡ. ಎರಡು ವರ್ಷದಿಂದ ದುಡ್ಡು ಕಟ್ಟುತ್ತಿದ್ದೇನೆ, ಬೈಯೋ ಹಕ್ಕಿದೆ.

ಮೊದಲು ಹೊಗಳಿಬಿಡುತ್ತೇನೆ. ಮುಂಚೆ ಇಡೀ ಫೈಲನ್ನು ಒಂದೇ ರಿಕ್ವೆಸ್ಟಿನಲ್ಲಿ ಕಳಿಸುತ್ತಿದ್ದೆ. ಮೇ ತಿಂಗಳ ಮದುವೆಗಳ ಆಲ್ಬಂ ಹೊರಡುವುದು ಜುಲೈಗೇ ಅಲ್ವಾ? ಫೋನು ಶುರು: "ಮಾರಾಯ, ತೊಂಬತ್ತು ಪರ್ಸೆಂಟ್ ಆಗಿತ್ತು, ಕರೆಂಟ್ ಹೋಯ್ತು." ಮತ್ತೆ ಸೊನ್ನೆಯಿಂದ. ಮಲ್ಟಿಪಾರ್ಟ್‌ಗೆ ಬದಲಾಯಿಸಿದ ಮೇಲೆ ಆ ಫೋನು ನಿಂತಿತು. ಫೈಲನ್ನು 8 ಎಂಬಿಯ ತುಂಡು ಮಾಡಿ ಕಳಿಸುವುದು. ಕರೆಂಟ್ ಬಂದಾಗ ಎಷ್ಟು ತುಂಡು ತಲುಪಿದೆ ಎಂದು ಕೇಳಿ, ಅಲ್ಲಿಂದ ಮುಂದೆ. ಸಂಜೆ ಕಷಾಯ ಹಿಡಿದು ಲಾಗ್ ಓದುವುದೇ ಈಗ ನನ್ನ ಅಭ್ಯಾಸ. ನಿನ್ನೆ 5:40ಕ್ಕೆ ಹೊಸನಗರದ ಫೈಲು 112ನೇ ತುಂಡಿಗೆ ನಿಂತಿದೆ. ಇವತ್ತು 10:05ಕ್ಕೆ ಅಂಗಡಿ ಬಾಗಿಲು ತೆಗೆದಿದ್ದೇ 113ರಿಂದ ಹೊರಟಿದೆ. ಏನೋ ಒಂದು ಖುಷಿ.

ನಮ್ಮ ನೆಟ್ ನಿಧಾನ ಅಂತ ತುಂಡನ್ನು 4 ಎಂಬಿ ಮಾಡಲು ಹೋಗಬೇಡಿ. ಕೊನೆಯದು ಬಿಟ್ಟು ಯಾವುದೂ 5 ಎಂಬಿಗಿಂತ ಚಿಕ್ಕದಿರುವಂತಿಲ್ಲ. ಅದನ್ನು ಹೇಳುವುದೋ, ಎಲ್ಲ ತುಂಡನ್ನೂ ತಗೊಂಡು ಕೊನೆಗೆ ಜೋಡಿಸುವಾಗ! ಪಾಯಸದ ತನಕ ಬಡಿಸಿ, ಆಮೇಲೆ ಎಲೆ ಸಣ್ಣದಾಯ್ತು ಏಳಿ ಅಂದ ಹಾಗೆ.

ಅದನ್ನಾದರೂ ಕ್ಷಮಿಸಿದೆ. ಸಿಟ್ಟು ಬಂದದ್ದು ಬಿಲ್ಲಿಗೆ. ಫೈಲ್ ಪಟ್ಟಿ ಕೂಡಿಸಿದರೆ 40 ಜಿಬಿ, ಬಿಲ್ಲಿನಲ್ಲಿ 131. ಎರಡು ದಿನ ತಲೆ ಕೆಡಿಸಿಕೊಂಡೆ. ಕೆಲವು ಸ್ಟುಡಿಯೋದವರು ಅರ್ಧಕ್ಕೇ ಬಿಟ್ಟು ಹೊಸದಾಗಿ ಹಾಕುತ್ತಾರೆ. ಹಳೇ ತುಂಡುಗಳು ಹಾಗೇ ಬಿದ್ದಿರುತ್ತವೆ. ಪಟ್ಟಿಯಲ್ಲಿ ಕಾಣುವುದಿಲ್ಲ, ಬಾಡಿಗೆ ಮಾತ್ರ ಓಡುತ್ತದೆ. ಒಂದೋ ನಾವೇ ಜೋಡಿಸು ಅನ್ನಬೇಕು, ಇಲ್ಲಾ ಬಿಸಾಕು ಅನ್ನಬೇಕು. ಡಾಕ್ಯುಮೆಂಟಿನಲ್ಲಿ ಬರೆದಿದ್ದಾರೆ, ನಿಜ. ಆದರೆ ಬಕೆಟ್ (ಫೈಲು ಇಡುವ ಡಬ್ಬಿ) ಮಾಡುವಾಗಲೇ ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ನನ್ನಂಥ ಒಂಟಿ ಆಸಾಮಿಗೆ ಅದು ಸಣ್ಣ ದುಡ್ಡಲ್ಲ.

ಅರ್ಧಕ್ಕೆ ನಿಂತದ್ದನ್ನು 3 ದಿನದಲ್ಲಿ ತಾನೇ ಅಳಿಸುವಂತೆ ಲೈಫ್‌ಸೈಕಲ್ ರೂಲ್ ಹಾಕಿದೆ. ಬಿಲ್ಲು ಇಳಿಯಿತು. ಈ ಜೂನಿನಲ್ಲಿ ಗಾಳಿಗೆ ಮರ ಬಿದ್ದು ಕೊಪ್ಪದ ಕಡೆ ನಾಲ್ಕು ದಿನ ಕರೆಂಟಿಲ್ಲ. ಐದನೇ ದಿನ ಫೋನು: "ಮಾರಾಯ, ಮತ್ತೆ ಸೊನ್ನೆಯಿಂದ ಹೋಗ್ತಾ ಉಂಟಲ್ಲ!"

ಈಗ 7 ದಿನ ಮಾಡಿದ್ದೇನೆ.