ಎಸ್25 ಕೊಟ್ಟು ಐಫೋನ್ 17 ತಗೊಳ್ಳೋದಾ, ಬೇಡ್ವಾ?

ನನ್ನ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25 ಫೋನ್ ಇನ್ನೂ ಹೊಸದು. ಒಂದು ಗೀರೂ ಬಿದ್ದಿಲ್ಲ. ಆಗಲೇ ಅದನ್ನು ಕೊಟ್ಟು ಐಫೋನ್ 17 ತಗೊಳ್ಳಲಾ ಅನ್ನುವ ಯೋಚನೆ ಬಂದು ಕೂತಿತ್ತು. ಸುಮ್ನೆ ಬಂದ ಆಸೆ ಅಲ್ಲ ಇದು. ಇಷ್ಟು ವರ್ಷ ಆ್ಯಪಲ್‌ನ ಸಾದಾ ಮಾಡೆಲ್ ಬೇಡ ಅನ್ನಲು ನನಗೆ ಒಂದು ಗಟ್ಟಿ ಕಾರಣ ಇತ್ತು. 60 ಹರ್ಟ್ಸ್ ಸ್ಕ್ರೀನ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವಂಥದ್ದು, ಈ ಸಂಖ್ಯೆ ಹೆಚ್ಚಿದ್ದಷ್ಟೂ ಸ್ಕ್ರೀನ್ ನುಣುಪಾಗಿ ಓಡುತ್ತದೆ. ಐಫೋನ್ 16ರವರೆಗೂ ಅದೇ ಕಥೆ, ನಮ್ಮಲ್ಲಿ 20 ಸಾವಿರದ ಆಂಡ್ರಾಯ್ಡ್ ಫೋನಿಗೂ 120 ಹರ್ಟ್ಸ್ ಬಂದಿರುವಾಗ 80 ಸಾವಿರ ಕೊಟ್ಟು 60 ತಗೊಳ್ಳಲು ಮನಸ್ಸು ಒಪ್ಪುತ್ತಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಆ ಕಾರಣವೇ ಹೋಯಿತು. ಐಫೋನ್ 17ಕ್ಕೆ 120 ಹರ್ಟ್ಸ್ ಬಂತು, ಸ್ಕ್ರೀನ್ 6.3 ಇಂಚು ಆಯಿತು, ಸ್ಟೋರೇಜ್ ಶುರುವಾಗುವುದೇ 256 ಜಿಬಿಯಿಂದ, ಬೆಲೆ 82,900 ರೂಪಾಯಿ. ನನ್ನ ಎಸ್25ರ 12 ಜಿಬಿ ರ‍್ಯಾಮ್, 256 ಜಿಬಿ ಮಾಡೆಲ್ ಬಿಡುಗಡೆಯಾದಾಗ 80,999. ಬೆಲೆಪಟ್ಟಿ ನೋಡಿದರೆ ವ್ಯತ್ಯಾಸ ಎರಡು ಸಾವಿರ ಕೂಡ ಇಲ್ಲ. ಬದಲಾಯಿಸಲು ಹೊರಟಾಗ ಎಷ್ಟಾಗುತ್ತದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಹೆಬ್ಬಾಳದ ಕಡೆ ಫೀನಿಕ್ಸ್ ಮಾಲ್ ಆಫ್ ಏಷ್ಯಾದಲ್ಲಿ ಆ್ಯಪಲ್‌ನವರ ಸ್ವಂತ ಅಂಗಡಿ ಬಂದಿದೆಯಲ್ಲ, ಅಲ್ಲಿ ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದೆ. ಆದರೆ ಅಂಗಡಿಯಲ್ಲಿ ನಿಂತು ನೋಡಿದರೆ ಎಲ್ಲ ಫೋನೂ ಚೆನ್ನಾಗಿಯೇ ಕಾಣುತ್ತದೆ. ನಿಜವಾದ ಹೋಲಿಕೆ ಆಗಿದ್ದು ಹಬ್ಬಕ್ಕೆ ಶಿರಸಿಗೆ ಹೋದಾಗ. ಭಾವ ಐಫೋನ್ 17 ತಗೊಂಡಿದ್ದರು. "ಇಟ್ಕೊಂಡು ನೋಡು ಮಾರಾಯ, ಆಮೇಲೆ ಮಾತಾಡು" ಅಂತ ಕೈಗೇ ಕೊಟ್ಟರು. ಊರಲ್ಲಿ ಇರುವಷ್ಟು ದಿನ ಎರಡೂ ಫೋನ್ ಜೇಬಿನಲ್ಲೇ ಇದ್ದವು.

ಮೊದಲು ಐಫೋನಿನ ದೊಡ್ಡ ಗುಣ ಹೇಳಿಬಿಡುತ್ತೇನೆ. ವಿಡಿಯೋ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅಂಗಳದಲ್ಲಿ ಮಕ್ಕಳು ಓಡಾಡುವುದು, ತೋಟದ ನೆರಳಿನಿಂದ ಬಿಸಿಲಿಗೆ ಬರುವಾಗ ಬೆಳಕು ಬದಲಾಗುವುದು, ನಡೆಯುತ್ತಾ ತೆಗೆದದ್ದು, ಎಲ್ಲದರಲ್ಲೂ ಐಫೋನಿನ ವಿಡಿಯೋ ನನಗೆ ಒಂದು ಕೈ ಮೇಲೆ ಅನ್ನಿಸಿತು. ಧ್ವನಿಯೂ ಅಷ್ಟೇ. ಗಾಳಿಯ ಸದ್ದು ತಗ್ಗಿಸುವ ಏರ್ಪಾಡು ಒಳಗೇ ಇದೆ, ತೆಗೆದ ಮೇಲೂ ಮಾತನ್ನು ಮುಂದೆ ತಂದು ಹಿಂದಿನ ಗದ್ದಲ ಕಮ್ಮಿ ಮಾಡಬಹುದು. ಎದುರಿನ ಕ್ಯಾಮೆರಾ ಇನ್ನೊಂದು ಹೊಸ ವಿಷಯ. ಅದರೊಳಗೆ ಚಿತ್ರ ಹಿಡಿಯುವ ಸೆನ್ಸರ್ ಚೌಕಾಕಾರದ್ದು, ಹಾಗಾಗಿ ಫೋನ್ ನೆಟ್ಟಗೆ ಹಿಡಿದುಕೊಂಡೇ ಅಡ್ಡ ಫೋಟೋ ತೆಗೆಯಬಹುದು, ಜನ ಜಾಸ್ತಿಯಾದರೆ ಅದೇ ಅಗಲ ಮಾಡಿಕೊಳ್ಳುತ್ತದೆ. ಮದುವೆ ಮನೆಯಲ್ಲಿ ಕೈ ಉದ್ದ ಇರುವವನನ್ನೇ ಹುಡುಕಿ ಸೆಲ್ಫಿಗೆ ಮುಂದೆ ನಿಲ್ಲಿಸುತ್ತೇವಲ್ಲ, ಆ ಕಷ್ಟ ಇದರಲ್ಲಿ ಇಲ್ಲ. ಎಲ್ಲ ಕಂಪನಿಯವರೂ ಇದನ್ನು ತರಬೇಕು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಫೋನಿನಲ್ಲಿ ಅತಿ ಹೆಚ್ಚು ತೆಗೆಯುವುದು ಯಕ್ಷಗಾನ. ನಮ್ಮ ಕಡೆ ಆಟ (ಯಕ್ಷಗಾನಕ್ಕೆ ನಾವು ಹೇಳುವುದೇ ಹಾಗೆ) ಶುರುವಾದರೆ ಬಿಡುವಿದ್ದಾಗೆಲ್ಲ ಹೋಗಿ ಕೂರುವ ಜನ ನಾವು. ಮುಂದಿನ ಸಾಲು ಊರ ಹಿರಿಯರಿಗೆ. ನಮಗೆ ಸಿಗುವುದು ಐದನೆಯದೋ ಆರನೆಯದೋ ಸಾಲು, ಮುಂದೆ ಒಂದಿಷ್ಟು ತಲೆಗಳು, ಅದರಾಚೆ ರಂಗಸ್ಥಳ. ಅಲ್ಲಿಂದ ವೇಷದ ಮುಖವರ್ಣಿಕೆ, ಕಣ್ಣಿನ ಚಲನೆ ಹಿಡಿಯಬೇಕೆಂದರೆ ಜೂಮ್ ಬೇಕೇ ಬೇಕು. ಎಸ್25ರಲ್ಲಿ 50 ಮೆಗಾಪಿಕ್ಸೆಲ್ ಮುಖ್ಯ ಕ್ಯಾಮೆರಾ, 12ರ ಅಲ್ಟ್ರಾವೈಡ್ (ಅಗಲ ನೋಟದ್ದು), ಅದರ ಜೊತೆ 10 ಮೆಗಾಪಿಕ್ಸೆಲ್‌ನ 3 ಪಟ್ಟು ಹತ್ತಿರ ತರುವ ಬೇರೆಯದೇ ಲೆನ್ಸ್ ಇದೆ. ಐಫೋನ್ 17ರಲ್ಲಿ ಹಿಂದೆ ಎರಡೇ ಕ್ಯಾಮೆರಾ, ಎರಡೂ 48 ಮೆಗಾಪಿಕ್ಸೆಲ್. ಜೂಮ್ ಲೆನ್ಸ್ ಇಲ್ಲ. ಮುಖ್ಯ ಸೆನ್ಸರಿನ ನಡುಭಾಗವನ್ನಷ್ಟೇ ಬಳಸಿ 2 ಪಟ್ಟು ಕೊಡುತ್ತದೆ, ಅದು ನಿಜಕ್ಕೂ ಒಳ್ಳೆಯ 2 ಪಟ್ಟು. ಅಲ್ಲಿಂದ ಮುಂದಿನದು ಹಿಗ್ಗಿಸಿದ್ದು.

ಊರಲ್ಲಿ ಒಂದು ಕಾಲಮಿತಿ ಆಟ (ಬೆಳಗಿನವರೆಗೆ ನಡೆಯದೆ ಕೆಲವೇ ಗಂಟೆಗೆ ಮುಗಿಯುವಂಥದ್ದು) ಇತ್ತು, ಎರಡೂ ಫೋನ್ ಅಲ್ಲಿ ಪರೀಕ್ಷೆಗೆ ಸಿಕ್ಕವು. ಬೆಳಕು ಜೋರಾಗಿದ್ದಾಗ 3 ಪಟ್ಟಿನಲ್ಲಿ ಎಸ್25 ತೆಗೆದ ಫೋಟೋಗಳಲ್ಲಿ ಕಿರೀಟದ ಮಣಿಗಳು ಒಂದೊಂದಾಗಿ ಕಾಣುತ್ತಿದ್ದವು, ಕಣ್ಣಂಚಿನ ಗೆರೆ ಚೊಕ್ಕವಾಗಿ ಬಂದಿತ್ತು. ಅದೇ ಅಳತೆಗೆ ತಂದ ಐಫೋನ್ ಫೋಟೋ ಸ್ವಲ್ಪ ಮೆತ್ತಗೆ ಕಂಡಿತು. ಬೆಳಕು ಕಮ್ಮಿ ಮಾಡಿ ರಾಕ್ಷಸ ವೇಷ ಬಂದಾಗ ಅಂತರ ಹೆಚ್ಚು ಉಳಿಯಲಿಲ್ಲ, ಜೂಮ್ ಲೆನ್ಸಿನ ಹಿಂದೆ ಇರುವುದು ಚಿಕ್ಕ ಸೆನ್ಸರ್ ತಾನೇ, ಅದಕ್ಕೆ ಬೆಳಕು ಬೇಕು. ವಿಡಿಯೋದಲ್ಲಿ ಮಾತ್ರ ಐಫೋನ್ ಮುಂದೆ. ಚಂಡೆಯ ಪೆಟ್ಟು ಒಡೆಯದೆ ಕೇಳಿಸಿತು, ಭಾಗವತರ ಪದ ಅದರಡಿ ಮುಚ್ಚಿಹೋಗಲಿಲ್ಲ. ಅದನ್ನು ಕೇಳಿದ ಮೇಲೆ ಆ ರಾತ್ರಿ ನಾನು ಮುಕ್ಕಾಲು ಪಾಲು ಬದಲಾಯಿಸುವ ಮನಸ್ಸು ಮಾಡಿದ್ದೆ.

ಮರುದಿನ ತೆಗೆದದ್ದನ್ನು ಲ್ಯಾಪ್‌ಟಾಪಿಗೆ ಹಾಕಲು ಕೂತಾಗ ಇನ್ನೊಂದು ಮುಖ ಕಂಡಿತು. ಐಫೋನಿನಲ್ಲಿ 4ಕೆ ಗುಣಮಟ್ಟದಲ್ಲಿ, ಸೆಕೆಂಡಿಗೆ 30 ಫ್ರೇಮಿನಂತೆ ತೆಗೆದ ವಿಡಿಯೋ ನಿಮಿಷಕ್ಕೆ ಸುಮಾರು 170 ಎಂಬಿ ತಿನ್ನುತ್ತದೆ ಅಂತ ಅದರ ಸೆಟ್ಟಿಂಗ್ಸ್‌ನಲ್ಲೇ ಬರೆದಿದೆ. ಮೂರು ಗಂಟೆಯ ಆಟ ಪೂರ್ತಿ ಹಿಡಿದರೆ 30 ಜಿಬಿ. ಐಫೋನ್ 17ರಲ್ಲಿ ಇರುವುದು ಟೈಪ್ ಸಿ ಕಿಂಡಿಯೇ, ಆದರೆ ಒಳಗಿನ ವೇಗ ಹಳೇ ಯುಎಸ್‌ಬಿ 2ರದ್ದು, ಸೆಕೆಂಡಿಗೆ 480 ಮೆಗಾಬಿಟ್. ಎಸ್25ರದ್ದು ಯುಎಸ್‌ಬಿ 3.2, 5 ಗಿಗಾಬಿಟ್, ಅಂದರೆ ಲೆಕ್ಕಕ್ಕೆ ಹತ್ತು ಪಟ್ಟು. ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಫೋಟೋ ಕಳಿಸುವವರಿಗೆ ಇದು ಯಾವ ಲೆಕ್ಕಕ್ಕೂ ಇಲ್ಲ. ನನ್ನಂಥವನಿಗೆ ಪ್ರತಿ ಸಲ ಕಾಯುವ ಕೆಲಸ.

ಅಂದ ಹಾಗೆ ವಾಟ್ಸ್ಆ್ಯಪ್ ಬಗ್ಗೆ ಒಂದು ಮಾತು. "ಐಫೋನಿಂದ ಬಂದ ಫೋಟೋ ನೋಡು, ನಿಂದು ನೋಡು" ಅಂತ ಮನೆ ಗ್ರೂಪಿನಲ್ಲಿ ಹೋಲಿಸುವವರು ಇದ್ದಾರೆ. ಗ್ರೂಪಿಗೆ ಹಾಕಿದ ಫೋಟೋವನ್ನು ವಾಟ್ಸ್ಆ್ಯಪ್ ಕುಗ್ಗಿಸಿಯೇ ಕಳಿಸುತ್ತದೆ. ಅದನ್ನು ನೋಡಿ ಕ್ಯಾಮೆರಾ ಅಳೆಯಬೇಡಿ. ಡಾಕ್ಯುಮೆಂಟ್ ಅಂತ ಕಳಿಸಿ ಆಮೇಲೆ ನೋಡಿ, ಯಾವ ಫೋನಿನಿಂದಲಾದರೂ ಮೂಲದ ಫೋಟೋವೇ ಹೋಗುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಸ್ಕ್ರೀನ್ ಎರಡರದ್ದೂ ಚೆಂದ, ಮಧ್ಯಾಹ್ನದ ಬಿಸಿಲಲ್ಲಿ ಎರಡನ್ನೂ ಓದಬಹುದು. ವೇಗದಲ್ಲಿ ದಿನನಿತ್ಯದ ಕೆಲಸಕ್ಕೆ ನನಗೆ ವ್ಯತ್ಯಾಸ ಕಾಣಲಿಲ್ಲ. ಎಸ್25 ತೂಕ 162 ಗ್ರಾಂ, ಐಫೋನ್ 177. ಹದಿನೈದು ಗ್ರಾಂ ಏನು ಮಹಾ ಅನ್ನಿಸಬಹುದು, ಆದರೆ ಒಂದೇ ಕೈಯಲ್ಲಿ ಎತ್ತಿ ಹಿಡಿದು ಅರ್ಧ ಗಂಟೆ ರೆಕಾರ್ಡ್ ಮಾಡಿದರೆ ಮಣಿಕಟ್ಟಿಗೆ ಗೊತ್ತಾಗುತ್ತದೆ. ಬ್ಯಾಟರಿ ಎರಡೂ ರಾತ್ರಿಯವರೆಗೆ ಬಂದವು. ಚಾರ್ಜ್ ಆಗುವುದರಲ್ಲಿ ಐಫೋನ್ ಚುರುಕು. 40 ವಾಟ್ ಅಡಾಪ್ಟರ್ ಇದ್ದರೆ 20 ನಿಮಿಷಕ್ಕೆ ಅರ್ಧ ತುಂಬುತ್ತದೆ ಅಂತ ಆ್ಯಪಲ್ ಹೇಳುತ್ತದೆ, ಎಸ್25 ಇನ್ನೂ 25 ವಾಟಿನಲ್ಲೇ ನಿಂತಿದೆ, ಅರ್ಧಕ್ಕೆ ಅರ್ಧ ಗಂಟೆ. ಅಡಾಪ್ಟರ್ ಮಾತ್ರ ಎರಡರ ಡಬ್ಬಿಯಲ್ಲೂ ಇಲ್ಲ. ಎಂಬತ್ತು ಸಾವಿರದ ಫೋನಿಗೆ ಅಡಾಪ್ಟರ್ ಬೇರೆ ಕೊಳ್ಳಬೇಕು ಅನ್ನುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಕನ್ನಡದ ವಿಷಯದಲ್ಲಿ ಮೊದಲು ಆಂಡ್ರಾಯ್ಡ್ ಬಹಳ ಮುಂದಿತ್ತು. ಈಗ ಹಾಗಿಲ್ಲ. ಐಫೋನಿನ ಸಾಫ್ಟ್‌ವೇರ್ ಐಒಎಸ್ 18.4ರಿಂದ ಇಡೀ ಐಫೋನನ್ನೇ ಕನ್ನಡದಲ್ಲಿ ಇಟ್ಟುಕೊಳ್ಳಬಹುದು, ಭಾವನ ಫೋನಿನಲ್ಲಿ ಹಾಕಿ ನೋಡಿದೆ, ಖುಷಿಯಾಯಿತು. ಬಹಳ ತಡವಾಗಿ ಬಂದರೂ ಬಂತಲ್ಲ. ಕಾಲ್ ರೆಕಾರ್ಡಿಂಗ್ ಎರಡರಲ್ಲೂ ಇದೆ, ಐಫೋನಿನಲ್ಲಿ ಶುರು ಮಾಡಿದ ಕೂಡಲೇ ರೆಕಾರ್ಡ್ ಆಗುತ್ತಿದೆ ಅಂತ ಎರಡೂ ಕಡೆ ಕೇಳಿಸುತ್ತದೆ. ಹೇಳಿಯೇ ರೆಕಾರ್ಡ್ ಮಾಡುವುದು ಮರ್ಯಾದೆ, ಹಾಗಾಗಿ ಇದನ್ನು ನಾನು ಕೊರತೆ ಅನ್ನುವುದಿಲ್ಲ. ಸಿಮ್ ನೋಡಿಕೊಳ್ಳಿ. ಎಸ್25ಗೆ ಎರಡು ಸಿಮ್ ಕಾರ್ಡ್ ಹಾಕಬಹುದು, ಇಲ್ಲಿ ಸಿಗುವ ಐಫೋನ್ 17ಗೆ ಒಂದೇ, ಇನ್ನೊಂದು ಇ-ಸಿಮ್ (ಕಾರ್ಡ್ ಇಲ್ಲದ, ಫೋನಿನೊಳಗೇ ಇರುವ ಸಿಮ್) ಆಗಬೇಕು. ಊರಿಗೊಂದು, ಬೆಂಗಳೂರಿಗೊಂದು ಅಂತ ಸಿಮ್ ಇಟ್ಟುಕೊಂಡವರು ಮಲೆನಾಡಿನಲ್ಲಿ ಬಹಳ ಜನ ಇದ್ದಾರೆ, ಅವರು ಇದನ್ನು ಮೊದಲೇ ಯೋಚಿಸಬೇಕು.

ಈಗ ದುಡ್ಡು. ಎಲ್ಲ ನಿರ್ಧಾರ ಆಗುವುದು ಇಲ್ಲಿಯೇ.

ಬೆಂಗಳೂರಿಗೆ ವಾಪಸ್ ಬಂದು ಎಸ್25ಗೆ ಎಷ್ಟು ಸಿಗುತ್ತದೆ ಅಂತ ಅಂಗಡಿಗಳಲ್ಲಿ ಕೇಳಿದೆ. ಬಿಲ್ಲು, ಡಬ್ಬಿ, ಕೇಬಲ್ ಎಲ್ಲ ಇದೆ, ಹೊಸದರಂತೆಯೇ ಇದೆ. ಆದರೂ ಯಾರೂ 50 ಸಾವಿರದ ಮೇಲೆ ಹೋಗಲಿಲ್ಲ. ಮೊದಲು ಅನ್ಯಾಯ ಅನ್ನಿಸಿತು. ಕೂತು ಲೆಕ್ಕ ಹಾಕಿದರೆ ಅರ್ಥವಾಗುತ್ತದೆ. ಫೋನಿನ ಬೆಲೆಯಲ್ಲಿ ಶೇ 18 ಜಿಎಸ್‌ಟಿ ಸೇರಿದೆ. 80,999ರಲ್ಲಿ ಸುಮಾರು 12,350 ರೂಪಾಯಿ ತೆರಿಗೆಯೇ. ಬಿಲ್ ಆದ ಕ್ಷಣಕ್ಕೆ ಅದು ಹೋಯಿತು, ನಿಮ್ಮ ಕೈಯಿಂದ ಕೊಳ್ಳುವವನು ಅದನ್ನು ತುಂಬಿ ಕೊಡುವುದಿಲ್ಲ. ಅದರ ಮೇಲೆ ಅಂಗಡಿಯವನ ಲಾಭ. ಅದರ ಮೇಲೆ, ಹಬ್ಬದ ಸೇಲಿನಲ್ಲಿ ಹೊಸದೇ ಕಡಿಮೆಗೆ ಸಿಕ್ಕಿರುವಾಗ ಹಳೇದಕ್ಕೆ ಯಾಕೆ ಜಾಸ್ತಿ ಕೊಡಬೇಕು ಅನ್ನುವ ಅವನ ಮಾತು, ಅದೂ ಸರಿಯೇ. ಆನ್‌ಲೈನಿನಲ್ಲಿ ತೋರಿಸುವ ಎಕ್ಸ್‌ಚೇಂಜ್ ಬೆಲೆ ನಂಬಿ ಕೂರಬೇಡಿ, ಮನೆಗೆ ಬಂದು ಸ್ಕ್ರೀನ್ ನೋಡಿದ ಮೇಲೆ ಹೇಳುವ ಬೆಲೆಯೇ ಕೊನೆಯದು.

ಅಲ್ಲಿಗೆ, ಎರಡು ಸಾವಿರದ ವ್ಯತ್ಯಾಸ ಅನ್ನಿಸಿದ್ದು 33 ಸಾವಿರ ಆಯಿತು. ಅಡಾಪ್ಟರ್, ಕವರ್, ಸ್ಕ್ರೀನ್ ಗಾರ್ಡ್ ಬೇರೆ. ನನ್ನ ಕೈಯಲ್ಲಿರುವ ಗ್ಯಾಲಕ್ಸಿ ವಾಚ್ ಐಫೋನಿಗೆ ಸೇರುವುದೇ ಇಲ್ಲ, ಅದೂ ಹೋದಂತೆ. ಇಎಂಐನಲ್ಲಿ ತಗೊಂಡವರು ಇನ್ನೂ ಹುಷಾರಾಗಿರಬೇಕು, ಫೋನ್ ಮಾರಿದರೂ ಕಂತು ನಿಲ್ಲುವುದಿಲ್ಲ, ಇಲ್ಲದ ಫೋನಿಗೂ ಇರುವ ಫೋನಿಗೂ ಒಟ್ಟಿಗೇ ಕಟ್ಟುತ್ತಾ ಹೋಗಬೇಕು, ನೋ ಕಾಸ್ಟ್ ಅಂದರೂ ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಫೀ ಅಂತ ಬ್ಯಾಂಕಿನವರು ಸೇರಿಸಿಯೇ ಇರುತ್ತಾರೆ. ಇಷ್ಟವಾಗಲಿಲ್ಲ ಅಂತ ವಾಪಸ್ ಕೊಡೋಣ ಅಂದರೆ ನಮ್ಮಲ್ಲಿ ಬಹುತೇಕ ಕಡೆ ಅದಕ್ಕೆ ದಾರಿ ಇಲ್ಲ, ಕೆಟ್ಟಿದ್ದರೆ ಮಾತ್ರ ಏಳು ದಿನದೊಳಗೆ ಬದಲಿ ಕೊಡುತ್ತಾರೆ. ಹಾಗಾಗಿ ಡಬ್ಬಿ ಒಡೆಯುವ ಮೊದಲು ಮಾಡುವ ಯೋಚನೆಗೇ ಬೆಲೆ.

ಕೆಲಸವೂ ಕಮ್ಮಿ ಇಲ್ಲ. ವಾಟ್ಸ್ಆ್ಯಪ್ ಚಾಟ್ ಐಫೋನಿಗೆ ಒಯ್ಯುವುದಿದ್ದರೆ ಐಫೋನನ್ನು ಮೊದಲ ಸಲ ಸೆಟ್ ಮಾಡುವಾಗಲೇ 'ಮೂವ್ ಟು ಐಒಎಸ್' ಆ್ಯಪ್ ಮೂಲಕ ಮಾಡಿಬಿಡಿ. ದುಡ್ಡು ಕೊಟ್ಟು ಕೊಂಡ ಆ್ಯಪ್‌ಗಳು ಪ್ಲೇ ಸ್ಟೋರಿನಲ್ಲೇ ಉಳಿಯುತ್ತವೆ. ಬ್ಯಾಂಕ್, ಯುಪಿಐ ಎಲ್ಲ ಮತ್ತೆ ಮೊದಲಿಂದ ನೋಂದಾಯಿಸಬೇಕು, ಹೊಸ ಫೋನಿನಲ್ಲಿ ಶುರುವಿಗೆ ಕಳಿಸುವ ಹಣಕ್ಕೆ ಮಿತಿಯೂ ಇರುತ್ತದೆ. ಬಾಡಿಗೆ ಕಟ್ಟುವ ದಿನವೇ ಫೋನ್ ಬದಲಾಯಿಸಬೇಡಿ.

ಇದೆಲ್ಲ ನೋಡಿ ನಾನು ಎಸ್25 ಇಟ್ಟುಕೊಂಡೆ. 33 ಸಾವಿರಕ್ಕೆ ನನಗೆ ಸಿಗುತ್ತಿದ್ದದ್ದು ಒಳ್ಳೆಯ ವಿಡಿಯೋ ಮತ್ತು ಒಳ್ಳೆಯ ಧ್ವನಿ, ಹೋಗುತ್ತಿದ್ದದ್ದು ಜೂಮ್, ಎರಡನೇ ಸಿಮ್ ಕಾರ್ಡ್, ವಾಚ್. ಧ್ವನಿಗೆ ಬೇರೆ ದಾರಿ ಇದೆ. ಟೈಪ್ ಸಿಗೆ ಸಿಕ್ಕಿಸುವ ಸಣ್ಣ ಮೈಕ್ ಕೆಲವೇ ಸಾವಿರಕ್ಕೆ ಬರುತ್ತದೆ, ಚಂಡೆಗೆ ತಕ್ಕಂತೆ ಮಟ್ಟ ಇಳಿಸಿಕೊಂಡು ರೆಕಾರ್ಡ್ ಮಾಡಬಹುದು. ಜೂಮ್ ಲೆನ್ಸನ್ನು ಹಾಗೆ ಹೊರಗಿನಿಂದ ತಂದು ಸಿಕ್ಕಿಸುವುದು ಅಷ್ಟು ಸುಲಭವಲ್ಲ. ಜೊತೆಗೆ ಸ್ಯಾಮ್‌ಸಂಗ್ ಈ ಫೋನಿಗೆ 7 ವರ್ಷ ಅಪ್‌ಡೇಟ್ ಕೊಡುತ್ತೇನೆ ಅಂದಿದೆ, ಹಾಗಾಗಿ ಹಳೇದಾಗುತ್ತದೆ ಅನ್ನುವ ಹೆದರಿಕೆಯೂ ಇಲ್ಲ. ಭಾವನಿಗೆ ಹೇಳಿದಾಗ, "ಹಾಗಾದ್ರೆ ಆಟದ ಫೋಟೋ ನೀನೇ ತೆಗಿ, ವಿಡಿಯೋ ನಂಗೆ ಬಿಡು" ಅಂದರು.

ಆದರೆ ಇನ್ನೂ ಯಾವುದನ್ನೂ ಕೊಳ್ಳದವರಿಗೆ ನನ್ನ ಉತ್ತರ ಬೇರೆ. ಬಿಡುಗಡೆಯಾದಾಗಿನ ಬೆಲೆಯಲ್ಲಿ ನೋಡಿದರೆ ಅವರಿಗೆ ವ್ಯತ್ಯಾಸ ಸುಮಾರು ಎರಡು ಸಾವಿರವೇ, ಮಾರುವಾಗಲೂ ನಮ್ಮಲ್ಲಿ ಐಫೋನಿಗೆ ಬೆಲೆ ಚೆನ್ನಾಗಿ ನಿಲ್ಲುತ್ತದೆ. ರೀಲ್ಸ್ ಮಾಡುವವರು, ಮಕ್ಕಳ ವಿಡಿಯೋ ಜಾಸ್ತಿ ತೆಗೆಯುವವರು, ಮನೆಯಲ್ಲಿ ಆಗಲೇ ಮ್ಯಾಕ್ ಇರುವವರು 17 ತಗೊಳ್ಳಿ, ಧೈರ್ಯವಾಗಿ. ಎಸ್25 ಇದ್ದು ವಿಡಿಯೋದಿಂದಲೇ ಸಂಪಾದನೆ ಮಾಡುವವರಾದರೆ ಆ 33 ಸಾವಿರ ಕೊಟ್ಟು ಬದಲಾಯಿಸಿದರೂ ತಪ್ಪಿಲ್ಲ. ನನ್ನ ತಂಗಿ ಭರತನಾಟ್ಯದ ಕ್ಲಾಸ್ ನಡೆಸುತ್ತಾಳೆ, ಮಕ್ಕಳ ವಿಡಿಯೋ ತೆಗೆದು ಹಾಕುತ್ತಿರುತ್ತಾಳೆ, ಅವಳ ಫೋನ್ ಹಳೇದಾಗಿದೆ. ಅವಳಿಗೆ ಎರಡನೇ ಯೋಚನೆ ಮಾಡದೆ 17 ತಗೋ ಅಂದಿದ್ದೇನೆ. ಲ್ಯಾವೆಂಡರ್ ಬಣ್ಣವೇ ಬೇಕು ಅಂತ ಕಾಯುತ್ತಿದ್ದಾಳೆ.