ಶಿಡ್ಲಘಟ್ಟದ ಬೋರ್ಡಿಲ್ಲದ ವೈಂಡಿಂಗ್ ಅಂಗಡಿ ಬಗ್ಗೆ

ಜನರೇಟರ್ ಹಾಕಿದರೂ ನಮ್ಮ ಇನ್ವರ್ಟರ್ ಬ್ಯಾಟರಿ ತುಂಬುತ್ತಿರಲಿಲ್ಲ. ಜನರೇಟರ್ ಮಾರಿದವರು ಇನ್ವರ್ಟರ್ ಸರಿಯಿಲ್ಲ ಅಂದರು. ಇನ್ವರ್ಟರ್ ಮಾರಿದವರು ಜನರೇಟರ್ ಸರಿಯಿಲ್ಲ ಅಂದರು. ಮೂರನೆಯವರೊಬ್ಬರು ದೊಡ್ಡ ಸ್ಟೆಬಿಲೈಸರ್ ತಗೊಳ್ಳಿ ಅಂತ ರೇಟೂ ಹೇಳಿಬಿಟ್ಟರು. ಕೊನೆಗೆ ಕೆಲಸ ಆಗಿದ್ದು ಶಿಡ್ಲಘಟ್ಟದ ಒಂದು ಮೋಟಾರ್ ವೈಂಡಿಂಗ್ ಅಂಗಡಿಯವರಿಂದ. ಅಂಗಡಿಗೆ ಬೋರ್ಡಿಲ್ಲ. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯೋದು.

ನಾವು ರೇಷ್ಮೆ ಹುಳು ಸಾಕುವ ಮನೆ ಊರಾಚೆ ತೋಟದಲ್ಲಿದೆ. ಕರೆಂಟ್ ಕಂಬ ಅಲ್ಲಿಗೆ ಬಂದಿಲ್ಲ. ಸೋಲಾರ್, 48 ವೋಲ್ಟಿನ ಬ್ಯಾಟರಿ, 5 ಕೆವಿಎ ಇನ್ವರ್ಟರ್ ಇದೆ. ಮೋಡ ಕಟ್ಟಿಕೊಂಡರೆ 3 ಕೆವಿಎ ಪೆಟ್ರೋಲ್ ಜನರೇಟರ್. ನಾಲ್ಕನೇ ಜ್ವರ (ಹುಳು ಪೊರೆ ಬಿಡೋದು) ಎದ್ದ ಮೇಲೆ ಹುಳುವಿಗೆ ಗಾಳಿ ಆಡಲೇಬೇಕು, ಒಳಗೆ 24-25 ಡಿಗ್ರಿ ಇದ್ದರೆ ಒಳ್ಳೇದು. ಆ ಹೊತ್ತಲ್ಲಿ ಫ್ಯಾನ್ ನಿಂತರೆ ಏನಾಗುತ್ತೆ ಅಂತ ಹುಳು ಸಾಕುವವರಿಗೆ ಹೇಳಬೇಕಿಲ್ಲ ಅಲ್ವಾ?

ಜನರೇಟರ್ ಹಾಕಿದರೆ ಇನ್ವರ್ಟರ್ ಒಳಗೆ ರಿಲೇ, ಅಂದರೆ ಜನರೇಟರ್ ಲೈನನ್ನು ಸೇರಿಸಿ ಬಿಡಿಸುವ ಸ್ವಿಚ್ಚು, ಟಕ್ ಅನ್ನುತ್ತಿತ್ತು. ಇಂಜಿನ್ ನರಳುತ್ತಿತ್ತು. ಮತ್ತೆ ಟಕ್, ಲೈನ್ ಬಿಟ್ಟುಬಿಡುತ್ತಿತ್ತು. ಲೋಡ್ ಇಳಿದ ಇಂಜಿನ್ ಸಲೀಸಾಗಿ ಓಡುತ್ತಿದ್ದಂತೆ ಮತ್ತೆ ಟಕ್. ಪೆಟ್ರೋಲ್ ಖಾಲಿಯಾಗುತ್ತಿತ್ತು, ಬ್ಯಾಟರಿ ಮಾತ್ರ ತುಂಬುತ್ತಿರಲಿಲ್ಲ.

ಭಾಯ್ ತೋಟಕ್ಕೆ ಬಂದವರೇ ಇನ್ವರ್ಟರ್ ವೈರು ಬಿಚ್ಚಿ ಪಕ್ಕಕ್ಕಿಟ್ಟರು. ಜನರೇಟರ್ ಲೋಡ್ ತಾಳುತ್ತಾ ನೋಡೋಕೆ ನೀರು ತುಂಬಿದ ಬಕೆಟಿಗೆ ಸಾವಿರ ವಾಟಿನ ಎರಡು ಹೀಟರ್ ರಾಡ್ ಇಳಿಸಿ ಜನರೇಟರಿಗೆ ಹಾಕಿದರು. ಖಾಲಿ ಓಡುವಾಗ 236 ವೋಲ್ಟ್, 52 ಹರ್ಟ್ಜ್ ಇತ್ತು. ಎರಡೂ ರಾಡ್ ಕಾಯುವಾಗ 226 ವೋಲ್ಟ್, 50 ಹರ್ಟ್ಜ್. "ನಿಮ್ಮ ಮಿಷನ್‌ಗೆ ಏನೂ ಆಗಿಲ್ಲ ಅಣ್ಣಾ, ಬಿಚ್ಚೋದೇ ಬೇಡ" ಅಂದರು. ಬಿಚ್ಚಿದ್ದರೆ ದುಡ್ಡು ಬರುತ್ತಿತ್ತು, ಆದರೂ ಬಿಚ್ಚಲಿಲ್ಲ. ನನಗೆ ನಂಬಿಕೆ ಹುಟ್ಟಿದ್ದು ಅಲ್ಲೇ.

ಆಮೇಲೆ ಇನ್ವರ್ಟರ್ ಸೆಟ್ಟಿಂಗ್ ನೋಡಿದರು. ಲೈನಿನಿಂದ ಚಾರ್ಜ್ ಮಾಡುವ ಕರೆಂಟು 60 ಆಂಪಿಯರ್ ಇತ್ತು, ಕಂಪನಿಯಿಂದ ಬಂದ ಹಾಗೇ. ಬ್ಯಾಟರಿ 54 ವೋಲ್ಟಲ್ಲಿ ಚಾರ್ಜ್ ಆಗುತ್ತೆ ಅಂದುಕೊಳ್ಳಿ: 60 ಇಂಟು 54, ಅಂದರೆ 3240 ವಾಟ್. ಬರೀ ಬ್ಯಾಟರಿಗೇ ಅಷ್ಟು! ಫ್ಯಾನು, ಹ್ಯುಮಿಡಿಫೈಯರ್ ಬೇರೆ. 3 ಕೆವಿಎ, ಅಂದರೆ ಹೆಚ್ಚೆಂದರೆ 3000 ವಾಟಿನ ಜನರೇಟರ್ ಅದನ್ನು ಎಲ್ಲಿಂದ ತರುತ್ತೆ? ವೋಲ್ಟೇಜ್ 170ಕ್ಕಿಂತ ಕೆಳಗೆ ಬಿದ್ದ ತಕ್ಷಣ ನಮ್ಮ ಇನ್ವರ್ಟರ್ ಲೈನ್ ಬೇಡ ಅನ್ನುತ್ತಿತ್ತು. 20 ಆಂಪಿಯರ್‌ಗೆ ಇಳಿಸಿದರು. ರಿಲೇ ಸದ್ದು ಅವತ್ತೇ ನಿಂತಿತು.

ಇನ್ವರ್ಟರಿನಲ್ಲಿ 90 ವೋಲ್ಟಿನವರೆಗೂ ಲೈನ್ ಒಪ್ಪಿಕೊಳ್ಳುವ ಇನ್ನೊಂದು ಮೋಡ್ ಇದೆ. ಫೋನಲ್ಲಿ ಎಲ್ಲರೂ ನನಗೆ ಅದನ್ನೇ ಹಾಕು ಅಂದಿದ್ದರು. ಭಾಯ್ ಬೇಡ ಅಂದರು. ಜನರೇಟರ್ ಲೈನ್ ಇರುವಾಗ ಅದರ ವೋಲ್ಟೇಜೇ ನೇರವಾಗಿ ಫ್ಯಾನಿಗೆ ಹೋಗುತ್ತೆ, 150ಕ್ಕೆ ಇಳಿದರೂ ಇನ್ವರ್ಟರ್ ಸುಮ್ನೆ ದಾಟಿಸಿಬಿಡುತ್ತೆ, ಮೋಟಾರು ಬಿಸಿಯಾಗಿ ಸುಡುತ್ತೆ ಅಂತ. ಸುಟ್ಟ ಮೋಟಾರಿಗೆ ವೈಂಡಿಂಗ್ ಮಾಡಿಯೇ ಬದುಕುವವರು ಈ ಮಾತು ಹೇಳಿದರು ನೋಡಿ.

ಕೊನೆಗೆ ವೈರು. ಜನರೇಟರ್ ಇಟ್ಟ ಶೆಡ್ಡಿನಿಂದ ಹುಳು ಮನೆಗೆ 40 ಮೀಟರ್, ನಾನು ಎಳೆಸಿದ್ದು 1.5 ಸ್ಕ್ವೇರ್ ಎಂಎಂ ತಾಮ್ರ. ಹನ್ನೊಂದು ಆಂಪಿಯರ್ ಹರಿಯುವಾಗ ಜನರೇಟರ್ ಹತ್ತಿರ 221 ವೋಲ್ಟ್, ಇನ್ವರ್ಟರ್ ಹತ್ತಿರ 210. ದಾರಿಯಲ್ಲೇ 11 ವೋಲ್ಟ್ ಹೋಗುತ್ತಿತ್ತು. 4 ಸ್ಕ್ವೇರ್ ಹಾಕಿದ ಮೇಲೆ ನಾಲ್ಕು ವೋಲ್ಟ್ ಅಷ್ಟೇ ಇಳಿಯುತ್ತೆ. ಈ ವೈರಿಗೇ ಅವರ ಕೂಲಿಗಿಂತ ಜಾಸ್ತಿ ಖರ್ಚಾಯಿತು.

ಬೈಯಬೇಕಾದದ್ದೂ ಇದೆ. ಭಾಯ್ ಹೇಳಿದ ದಿನ ಬರಲ್ಲ. ಫೋನ್ ಎತ್ತಲ್ಲ, ಅಂಗಡಿಗೇ ಹೋಗಿ ಕೂರಬೇಕು. ಬಿಲ್ಲು ಕೇಳಿದರೆ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರೆದುಕೊಡುತ್ತಾರೆ. ಚಾರ್ಜಿಂಗ್ ಕಮ್ಮಿ ಮಾಡಿದ್ದರಿಂದ ಬ್ಯಾಟರಿ ತುಂಬೋಕೆ ಜನರೇಟರನ್ನು ಹೆಚ್ಚು ಹೊತ್ತು ಓಡಿಸಬೇಕಾಗುತ್ತೆ ಅನ್ನೋದನ್ನು ಅವರೇ ಮೊದಲು ಹೇಳಬಹುದಿತ್ತು, ನಾನು ಕೇಳಿದ ಮೇಲೆ ಹೇಳಿದರು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಬಾಗಿಲು ಹಾಕಿರುತ್ತೆ. ಹೋಗುವಾಗ ಇನ್ವರ್ಟರ್ ಜೊತೆ ಬಂದ ಪುಸ್ತಕ ಮರೆಯದೆ ತಗೊಂಡು ಹೋಗಿ. ಸೆಟ್ಟಿಂಗ್ ನಂಬರ್ ಒಂದೊಂದು ಕಂಪನಿಗೆ ಒಂದೊಂದು ತರ ಇರುತ್ತೆ, ಪುಸ್ತಕ ಇಲ್ಲದೆ ಭಾಯ್ ಬಟನ್ ಮುಟ್ಟಲ್ಲ.